ಹಳೆಯ ಸ್ಮಶಾನಗಳಲ್ಲಿ ವಾಯುಯೋಧರ ಕಲ್ಲು: ಗುರುತಿಸುವುದು ಹೇಗೆ?

ಗಡಿನಾಡಿನ ನಾವು ವೀರಗಲ್ಲುಗಳನ್ನು ನೋಡುತ್ತಲೇ ಬೆಳೆದವರು. ಅಡಿಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಸನ್ನಿಧಿ. ಓದುವುದು ಕೆಳಗಿನಿಂದ ಮೇಲಕ್ಕೆ. ಆದರೆ ದಂಡಿನ ಊರುಗಳ, ಹಳೆಯ ಚರ್ಚುಗಳ ಸ್ಮಶಾನಗಳಲ್ಲಿ ಎರಡು ಮಹಾಯುದ್ಧಗಳ ಕಾಲದ ಕಲ್ಲು ಕಂಡರೆ ನಿಂತು ಓದುವವರು ಕಡಿಮೆ.

ಈ ಕಲ್ಲನ್ನು ಓದಬೇಕಾದ್ದು ಮೇಲಿನಿಂದ ಕೆಳಕ್ಕೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೊದಲು ದಳದ ಲಾಂಛನ, ನಂತರ ಸೇವಾ ಸಂಖ್ಯೆ, ಹುದ್ದೆ, ಹೆಸರು, ಸತ್ತ ದಿನ, ವಯಸ್ಸು. ರೆಕ್ಕೆ ಬಿಚ್ಚಿದ ಹದ್ದು, ಅದರ ಮೇಲೊಂದು ಕಿರೀಟ ಇದ್ದರೆ ಅದು ಬ್ರಿಟಿಷ್ ವಾಯುಪಡೆಯವರದು. 1917ರ ಕಲ್ಲಿನಲ್ಲಿ ಹದ್ದನ್ನು ಹುಡುಕಬೇಡಿ. ವಾಯುಪಡೆ ಹುಟ್ಟಿದ್ದೇ 1918ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಸೈನ್ಯದ ವಿಮಾನ ದಳಕ್ಕೆ ರಾಯಲ್ ಫ್ಲೈಯಿಂಗ್ ಕೋರ್ ಎಂಬ ಹೆಸರಿತ್ತು.

ಅಡಿಯಲ್ಲಿ ಮನೆಯವರು ಬರೆಸಿದ ಮಾತೂ ಇರಬಹುದು. ಕಲ್ಕತ್ತದ ಇಂದ್ರಲಾಲ್ ರಾಯ್ ಅದೇ 1918ರ ಜುಲೈ ತಿಂಗಳಲ್ಲಿ, ಎರಡೇ ವಾರದೊಳಗೆ, ಹತ್ತು ವೈಮಾನಿಕ ವಿಜಯ ಗಳಿಸಿ, 22ರಂದು ಹತನಾದ. ವಯಸ್ಸು 19. ಉತ್ತರ ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯಲ್ಲಿರುವ ಅವನ ಸಮಾಧಿಯ ಮೇಲೆ ಬಂಗಾಳಿ ಬರಹವಿದೆ. ಬೇರೆ ನುಡಿಯ ನೆಲದಲ್ಲಿ ತಾಯ್ನುಡಿಯ ನಾಲ್ಕು ಅಕ್ಷರ ಕಂಡಾಗ ಏನನ್ನಿಸುತ್ತದೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುಖ್ಯ ವಿಷಯ. ಎರಡನೆಯ ಮಹಾಯುದ್ಧದ ಅನೇಕ ಸಮಾಧಿಗಳನ್ನು ಚಿಕ್ಕ ಊರುಗಳಿಂದ ತೆಗೆದು ದೊಡ್ಡ ಯುದ್ಧ ಸ್ಮಶಾನಗಳಿಗೆ ಸಾಗಿಸಲಾಯಿತು. ಪಶ್ಚಿಮ ಮತ್ತು ಮಧ್ಯ ಭಾರತದವು ಪುಣೆಯ ಖಡಕಿಗೆ, ದಕ್ಷಿಣದವು ಚೆನ್ನೈನ ನಂದಂಬಾಕ್ಕಂಗೆ. ಮೊದಲನೆಯ ಯುದ್ಧದ ಕಾಲದಲ್ಲಿ ಸತ್ತವರದು ಬಹುಪಾಲು ಹಾಗಾಗಲಿಲ್ಲ. ನೋಡಿಕೊಳ್ಳಲಾಗದ ಸಮಾಧಿಗಳವರ ಹೆಸರು ಮಾತ್ರ ಅಲ್ಲಿನ ಸ್ಮಾರಕಗಳಿಗೆ ಹೋಯಿತು: ಖಡಕಿಯಲ್ಲಿ 1,800ಕ್ಕೂ ಹೆಚ್ಚು, ಚೆನ್ನೈನಲ್ಲಿ 1,000ಕ್ಕೂ ಹೆಚ್ಚು. ದೇಹ ಉಳಿದದ್ದು ಹೂತ ಊರಲ್ಲೇ. ಹೀಗಾಗಿ 1914ರಿಂದ 1921ರ ನಡುವಿನ ದಿನಾಂಕವುಳ್ಳ ಕಲ್ಲು ನಿಮ್ಮೂರಿನಲ್ಲಿದ್ದರೆ, ಆ ವ್ಯಕ್ತಿ ಇಲ್ಲೇ ಮಲಗಿದ್ದಾನೆಂದು ತೋರಿಸಲು ಅದೊಂದೇ ಉಳಿದಿರಬಹುದು. ಅದು ಮುರಿದು ಮೆಟ್ಟಿಲಿಗೆ ಹಾಸಾದರೆ ಮುಗಿಯಿತು.

ವಿಮಾನದವರಲ್ಲಿ ಎಷ್ಟೋ ಮಂದಿಗೆ ಸಮಾಧಿಯೇ ಇಲ್ಲ. ಎರಡನೆಯ ಯುದ್ಧದಲ್ಲಿ ದಕ್ಷಿಣ ಮತ್ತು ಪೂರ್ವ ಏಷ್ಯಾದ ಆಕಾಶದಲ್ಲಿ ಕಣ್ಮರೆಯಾದ ವಾಯುಯೋಧರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲಿವೆ.

ಆಯೋಗದ ಪಟ್ಟಿ ಅಂತರ್ಜಾಲದಲ್ಲಿ ಉಚಿತ. ಹೆಸರು ಮತ್ತು ದಿನಾಂಕ ಕೊಟ್ಟರೆ ಸಾಕು, ದಾಖಲೆ ಇದ್ದರೆ ಸಿಗುತ್ತದೆ. ಕಲ್ಲು ಕಂಡ ಸದಸ್ಯರು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಮಾಸಿದ ಅಕ್ಷರ ಆಗ ಏಳುತ್ತದೆ. ಹಿಂಬದಿಯನ್ನೂ ತೆಗೆಯಿರಿ. ಚರ್ಚಿನವರನ್ನೋ ದಂಡಿನವರನ್ನೋ ಮೊದಲೇ ಕೇಳಿಕೊಳ್ಳಿ. ಪಾಚಿ ತೆಗೆಯಲು ತಂತಿ ಬ್ರಷ್, ಆಸಿಡ್ ಬೇಡವೇ ಬೇಡ. ಅಕ್ಷರವೂ ಜೊತೆಗೆ ಹೋಗುತ್ತದೆ. ಊರಿನ ಹೆಸರು ಬರೆದು ಚಿತ್ರಗಳನ್ನು ಸಂಘಕ್ಕೆ ಕಳುಹಿಸಿದರೆ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ನಾವು ಮಾಡುತ್ತೇವೆ.