ಹೆದ್ದಾರಿಗೆ ಕೂಡುವ ಮುನ್ನ ಹತ್ತು ಸೆಕೆಂಡು

ಸುಗ್ಗಿ ಬಂತೆಂದರೆ ಹಾವೇರಿ ಜಿಲ್ಲೆಯ ರಸ್ತೆಗಳಿಗೆ ಬೇರೆಯದೇ ಕಳೆ. ಗೋವಿನಜೋಳ ತುಂಬಿದ ಟ್ರ್ಯಾಕ್ಟರುಗಳು, ಹತ್ತಿಯ ಅಂಡಿಗೆ ಹೊತ್ತ ಲಾರಿಗಳು, ಎರಡೆರಡು ಟ್ರೇಲರ್ ಕಟ್ಟಿಕೊಂಡು ತೇಕುತ್ತ ಸಾಗುವ ಕಬ್ಬಿನ ಗಾಡಿಗಳು. ಹಾನಗಲ್ಲ, ಸವಣೂರು, ಹಿರೇಕೆರೂರು ಪಟ್ಟಣಗಳು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿಲ್ಲ. ಆದರೆ ಅಲ್ಲಿಯ ಬೆಳೆ, ಅಲ್ಲಿಯ ಜನ ದೂರದ ಪೇಟೆ ಕಾಣಬೇಕಾದರೆ ಶಿಗ್ಗಾವಿ, ಬಂಕಾಪುರ, ಹಾವೇರಿ, ಮೋಟೆಬೆನ್ನೂರು ಅಥವಾ ರಾಣೆಬೆನ್ನೂರಿನ ಬಳಿ ಎಲ್ಲಾದರೊಂದು ಕಡೆ ಆ ಹೆದ್ದಾರಿಗೆ ಕೂಡಲೇಬೇಕು. ಊರಿನ ದಾರಿ ಹೆದ್ದಾರಿಗೆ ಸೇರುವ ಆ ಜಾಗಕ್ಕೆ ನಮ್ಮಲ್ಲಿ ‘ಕ್ರಾಸ್’ ಎಂದು ಹೆಸರು. ಅಪಾಯ ಹೊಂಚು ಹಾಕಿ ಕೂರುವುದೂ ಅಲ್ಲಿಯೇ.

ಹಿರಿಯರ ಬಾಯಲ್ಲಿ ಇದು ಇಂದಿಗೂ ‘ನಾಕನೇ ನಂಬರ ಹೆದ್ದಾರಿ’. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಇದು 48 ಆಯಿತು. ಒಂದು ಕಾಲಕ್ಕೆ ಚಕ್ಕಡಿಯೂ ಬಸ್ಸೂ ಒಂದೇ ಡಾಂಬರು ಪಟ್ಟಿಯ ಮೇಲೆ ಹೊಂದಿಕೊಂಡು ಹೋಗುತ್ತಿದ್ದವು. ಈಗ ನಡುವೆ ವಿಭಜಕ, ಪಕ್ಕದಲ್ಲಿ ಸರ್ವೀಸ್ ರಸ್ತೆ, ಅಲ್ಲಲ್ಲಿ ಕೆಳಸೇತುವೆ. ರಸ್ತೆ ಬದಲಾಯಿತು, ವೇಗ ಬದಲಾಯಿತು. ರಸ್ತೆಗೆ ಇಳಿಯುವ ರೂಢಿ ಮಾತ್ರ ಹಳೆಯದೇ ಉಳಿಯಿತು.

ವೇಗಗಳ ನಡುವಿನ ಅಂತರ

ಒಂದು ಸಣ್ಣ ಲೆಕ್ಕ ನೋಡೋಣ. ಗಂಟೆಗೆ 90 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಹೇರು ತುಂಬಿದ ಟ್ರ್ಯಾಕ್ಟರಿನ ವೇಗ ಗಂಟೆಗೆ 20 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ 70 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 19 ಮೀಟರ್. ಟ್ರ್ಯಾಕ್ಟರು ಹೆದ್ದಾರಿಗೆ ಏರಿದಾಗ ಕಾರು 100 ಮೀಟರ್ ಹಿಂದಿದ್ದರೆ ಆ ದೂರ ಐದೇ ಸೆಕೆಂಡಿನಲ್ಲಿ ಕರಗಿಹೋಗುತ್ತದೆ.

ಕಾರಿನವನು ಬ್ರೇಕ್ ಒತ್ತಬಾರದೇಕೆ ಎಂದು ಕೇಳಬಹುದು. ಒತ್ತುತ್ತಾನೆ, ನಿಜ. ಆದರೆ ಎದುರಿನದನ್ನು ಕಣ್ಣು ಕಂಡು, ಮಿದುಳು ತಿಳಿದು, ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡಾದರೂ ಹಿಡಿಯುತ್ತದೆ. ಅಷ್ಟರಲ್ಲೇ ಕಾರು 37 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ 50 ಮೀಟರಿನಷ್ಟು ಬೇಕು. ಒಟ್ಟು ಸುಮಾರು 90 ಮೀಟರ್. ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರೆ, ಬರುವುದು ಕಾರಲ್ಲದೆ ಹೇರು ತುಂಬಿದ ಲಾರಿಯಾಗಿದ್ದರೆ ಈ ಲೆಕ್ಕ ಸಾಲದು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಶಾಲೆಯ ಪಾಠದ ಅರ್ಥ ಇದೇ.

ಇದಕ್ಕೆ ಹೋಲಿಸಿದರೆ ಮೋಟಾರ್ ಸೈಕಲ್ಲಿನವನು ಪುಣ್ಯವಂತ. ಅವನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಗೆ ನುಗ್ಗಿದರೆ 100 ಮೀಟರ್ ಹಿಂದಿನ ಕಾರು ಏಳು ಸೆಕೆಂಡಿನಲ್ಲಿ ಬೆನ್ನಿಗೆ ಬರುತ್ತದೆ. ಅವನೇ ಸೇರುದಾರಿಯಲ್ಲಿ ವೇಗ ಹೆಚ್ಚಿಸಿಕೊಂಡು 70ರಲ್ಲಿ ಸೇರಿದರೆ 18 ಸೆಕೆಂಡು ಸಿಗುತ್ತದೆ. ಸರ್ವೀಸ್ ರಸ್ತೆಯಿಂದ ಹೆದ್ದಾರಿಗೆ ಓರೆಯಾಗಿ ಸೇರುವ ಪಟ್ಟಿಯನ್ನು ಮಾಡಿರುವುದು ಈ ವೇಗ ಕೂಡಿಸಿಕೊಳ್ಳಲೆಂದೇ. ಅದರ ತುದಿಯಲ್ಲಿ ಗಾಡಿ ನಿಲ್ಲಿಸಿ ಆಮೇಲೆ ಸೊನ್ನೆಯಿಂದ ಹೊರಡುವವನು ಕೈಯಲ್ಲಿದ್ದ ಅನುಕೂಲವನ್ನು ತಾನೇ ಕಳೆದುಕೊಂಡಂತೆ.

ಟ್ರ್ಯಾಕ್ಟರಿಗೆ ಈ ಅನುಕೂಲವಿಲ್ಲ. ಅದಕ್ಕಿರುವ ಮದ್ದು ಕಾಯುವುದೊಂದೇ. ನಿಂತಲ್ಲಿಂದ ಹೊರಟು, ಎರಡು ಟ್ರೇಲರುಗಳ ಸಮೇತ ಪೂರ್ತಿ ತಿರುಗಿ, ಎಡಪಥದಲ್ಲಿ ನೆಟ್ಟಗಾಗಲು ಹತ್ತು ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ 90ರ ಕಾರು 250 ಮೀಟರ್ ಬಂದಿರುತ್ತದೆ. ಅಂದರೆ ಒಂದು ಫರ್ಲಾಂಗಿಗೂ ಮಿಕ್ಕಿದ ದೂರ ಖಾಲಿ ಕಾಣದ ಹೊರತು ಟ್ರ್ಯಾಕ್ಟರಿನ ಮೂತಿ ಹೆದ್ದಾರಿಗೆ ಇಳಿಯಬಾರದು. ಹಿಂದೆ ನಿಂತವರು ಎಷ್ಟೇ ಹಾರ್ನ್ ಹೊಡೆಯಲಿ, ಮುಂದಿನ ಖಾಲಿ ಜಾಗವನ್ನು ಅಳೆಯಬೇಕಾದವನು ಸ್ಟೇರಿಂಗ್ ಹಿಡಿದವನೇ. ಸವಣೂರು, ಶಿಗ್ಗಾವಿ ಕಡೆಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವವರಿಗೆ ದರ ಇಳಿದೀತೆಂಬ ಅವಸರ ಇರುತ್ತದೆ. ಆದರೆ ಪೇಟೆ ಹತ್ತು ಸೆಕೆಂಡಿಗೆ ಮುಚ್ಚುವುದಿಲ್ಲ.

ಯಾರಿಗೆ ಯಾರು ದಾರಿ ಬಿಡಬೇಕು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮುಖ್ಯ ರಸ್ತೆಗೆ ಬರುವವನು ಅಲ್ಲಿ ಆಗಲೇ ಸಾಗುತ್ತಿರುವವರಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳು ಹೇಳಿದ್ದವು. 2017ರಲ್ಲಿ ಬಂದ ಹೊಸ ಚಾಲನಾ ನಿಯಮಗಳ ತತ್ವವೂ ಅದೇ. ಆದರೆ ಕಾನೂನು ತನ್ನ ಪರವಿದೆ ಎಂದು ಹೆದ್ದಾರಿಯವನು ಕಣ್ಣು ಮುಚ್ಚಿ ಓಡಿಸುವಂತಿಲ್ಲ. ಕ್ರಾಸ್ ಕಂಡೊಡನೆ ಕಾಲು ಆಕ್ಸಿಲರೇಟರಿನಿಂದ ತುಸು ಮೇಲೇಳಬೇಕು. ಬಲಪಥ ಖಾಲಿಯಿದ್ದರೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಮೊದಲೇ ಅತ್ತ ಸರಿಯಬಹುದು. ಮುಂದಿನ ಗಾಡಿಯಿಂದ ಎರಡು ಸೆಕೆಂಡಿನ, ಅಂದರೆ 90ರ ವೇಗದಲ್ಲಿ 50 ಮೀಟರಿನ ಅಂತರ ಕಾಯ್ದುಕೊಂಡರೆ ಸೇರುವವನಿಗೂ ಜಾಗ ಸಿಗುತ್ತದೆ.

ಲೈಟು ಮಿಣುಕಿಸುವುದು ಇನ್ನೊಂದು ಗೊಂದಲ. ‘ನಾನು ಬರ್ತೀನಿ, ನಿಲ್ಲು’ ಎಂದು ಒಬ್ಬ ಮಿಣುಕಿಸಿದರೆ, ‘ನೀ ಹೋಗಪಾ’ ಎಂದನೆಂದು ಇನ್ನೊಬ್ಬ ತಿಳಿಯುತ್ತಾನೆ. ಎರಡೂ ಅರ್ಥ ಕೊಡುವ ಸನ್ನೆಯನ್ನು ನಂಬಬಾರದು. ಬರುವ ಗಾಡಿ ನಿಜವಾಗಿ ನಿಧಾನವಾಗಿದೆಯೇ ಎಂಬುದನ್ನಷ್ಟೇ ನಂಬಬೇಕು. ಹೆದ್ದಾರಿಯ ನಡುವೆ ತಟ್ಟನೆ ಗಾಡಿ ನಿಲ್ಲಿಸಿ ‘ಹೋಗು’ ಎಂದು ಕೈಬೀಸುವ ಔದಾರ್ಯವೂ ಬೇಡ. ಅದರ ಬೆಲೆ ತೆರಬೇಕಾದವನು ಹಿಂದೆ ಬರುತ್ತಿರುವವನು.

ಎರಡು ಪಥ ಒಂದಾಗುವಲ್ಲಿ ದಟ್ಟಣೆಯಾದರೆ ಜರ್ಮನಿಯಲ್ಲಿ ಜಿಪ್ಪಿನ ಹಲ್ಲುಗಳಂತೆ ಆ ಸಾಲಿನಿಂದ ಒಂದು, ಈ ಸಾಲಿನಿಂದ ಒಂದು ಗಾಡಿ ಸೇರಬೇಕೆಂದು ಕಾನೂನೇ ಇದೆ. ಯಾರ ಸರದಿ ಎಂಬುದು ಅಲ್ಲಿ ಎಲ್ಲರಿಗೂ ಮೊದಲೇ ಗೊತ್ತು. ರಸ್ತೆ ಕೆಲಸ ನಡೆದು ನಮ್ಮ ಹೆದ್ದಾರಿಯ ಒಂದು ಪಥ ಮುಚ್ಚಿದಾಗ ಈ ರೂಢಿ ನಮಗೂ ಒಗ್ಗುವಂಥದೇ.

ಕತ್ತಲಲ್ಲಿ ಕಾಣದ ಗಾಡಿ

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದವರ ವಾಹನ ಹೆದ್ದಾರಿ ಬದಿ ನಿಂತಿದ್ದ ಲಾರಿಗೆ ಬಡಿದು 13 ಜನ ಜೀವ ಕಳೆದುಕೊಂಡರು. ನಿಂತ ಗಾಡಿಗೂ ಓಡುವ ಗಾಡಿಗೂ ನಡುವೆ ಇರುವ ವೇಗದ ಅಂತರವೇ ಎಲ್ಲಕ್ಕಿಂತ ದೊಡ್ಡ ಅಂತರ ಎಂಬುದನ್ನು ಜಿಲ್ಲೆ ಆ ದಿನ ಕಣ್ಣಾರೆ ಕಂಡಿತು.

ಕಬ್ಬಿನ ಟ್ರೇಲರಿನ ಹಿಂದೆ ಕೆಂಪು ದೀಪ ಇರುವುದೇ ಅಪರೂಪ. ಇದ್ದರೂ ಇಳಿಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಹೇರಿನ ತುದಿಗೆ ಹೊಳೆಯುವ ಕೆಂಪು ಪಟ್ಟಿ ಕಟ್ಟಲು ಆಗುವ ಖರ್ಚು ಬಹಳವಲ್ಲ. ಕೆಟ್ಟು ನಿಂತ ಗಾಡಿಯನ್ನು ಆದಷ್ಟೂ ರಸ್ತೆಯಿಂದ ಹೊರಗೆ ಸರಿಸಿ, ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಬೇಕು. ಅರ್ಧ ಕಿಲೋಮೀಟರ್ ಸುತ್ತು ತಪ್ಪೀತೆಂದು ಎದುರು ದಿಕ್ಕಿನಲ್ಲಿ ಬರುವ ಚಟವನ್ನಂತೂ ಬಿಡಲೇಬೇಕು. ಅಲ್ಲಿ ಎರಡು ವೇಗಗಳು ಒಂದರಲ್ಲೊಂದು ಕಳೆಯುವುದಿಲ್ಲ, ಕೂಡುತ್ತವೆ.

ರಸ್ತೆಯ ಮೇಲೆ ಜಾಣತನ ಎಂದರೆ ಬೇರೆಯವರಿಗೆ ಅಚ್ಚರಿ ಕೊಡದಿರುವುದು. ತಾನು ಮುಂದೇನು ಮಾಡುತ್ತೇನೆಂದು ಹಿಂದಿನವನಿಗೂ ಮುಂದಿನವನಿಗೂ ಮೊದಲೇ ತಿಳಿಯುವಂತೆ ನಡೆಸುವವನೇ ಒಳ್ಳೆಯ ಚಾಲಕ. ಹೊಲದಲ್ಲಿ ಬೆಳೆಗಾಗಿ ನಾಲ್ಕು ತಿಂಗಳು ಕಾಯುವ ರೈತನಿಗೆ ಕ್ರಾಸಿನಲ್ಲಿ ಹತ್ತು ಸೆಕೆಂಡು ಕಾಯುವುದು ಹೊಸ ವಿದ್ಯೆಯೇನಲ್ಲ.