ಅಮೆರಿಕದ ಸರ್ಕಾರ ಮತ್ತು ರಾಜಕೀಯ ವಿಷಯಗಳ ವ್ಯಾಸಂಗಕ್ಕೆ ವಿದ್ಯಾರ್ಥಿವೇತನಗಳು: ಅರ್ಹತೆ ಮತ್ತು ಷರತ್ತುಗಳು

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಂವಿಧಾನ, ಶಾಸಕಾಂಗ, ಚುನಾವಣೆ ಮತ್ತು ಸಾರ್ವಜನಿಕ ಆಡಳಿತದಂತಹ ವಿಷಯಗಳನ್ನು ವ್ಯಾಸಂಗ ಮಾಡುವವರಿಗೆ ನೆರವಾಗುವ ಹಲವು ವಿದ್ಯಾರ್ಥಿವೇತನಗಳಿವೆ. ಇವುಗಳಲ್ಲಿ ಪ್ರಮುಖವಾದವು ಅಲ್ಲಿನ ಕಾಂಗ್ರೆಸ್ ಅಂಗೀಕರಿಸಿದ ಕಾಯಿದೆ ಅಥವಾ ಸೆನೆಟ್ ಸಭೆಯ ನಿರ್ಣಯದ ಮೂಲಕ ಸ್ಥಾಪನೆಗೊಂಡಿವೆ. ಇವುಗಳ ಮೊತ್ತದ ಬಗ್ಗೆ ಇರುವ ತಿಳಿವಳಿಕೆ ಷರತ್ತುಗಳ ಬಗ್ಗೆ ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ವೇತನಗಳನ್ನು ಪಡೆದವರು ನಿಗದಿತ ಅವಧಿಗೆ ಸಾರ್ವಜನಿಕ ಸೇವೆ ಅಥವಾ ಬೋಧನೆ ಮಾಡತಕ್ಕದ್ದು; ತಪ್ಪಿದಲ್ಲಿ ಪಡೆದ ಹಣವನ್ನು ಬಡ್ಡಿ ಸಮೇತ ಮರುಪಾವತಿಸಬೇಕಾಗುತ್ತದೆ. ಅಲ್ಲದೆ ಇವುಗಳಲ್ಲಿ ಯಾವುದಕ್ಕೆ ಅರ್ಜಿ ಸಲ್ಲಿಸಬಹುದು ಎಂಬುದು ಅಂಕಗಳಿಗಿಂತ ಮೊದಲು ಪೌರತ್ವದಿಂದ ನಿರ್ಧಾರವಾಗುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳಿಗೂ, ರಾಜ್ಯದಿಂದ ಅಲ್ಲಿಗೆ ವ್ಯಾಸಂಗಕ್ಕೆ ತೆರಳಲು ಬಯಸುವವರಿಗೂ ಈ ವಿವರಗಳು ಉಪಯುಕ್ತವಾಗಿವೆ.

ಸೆನೆಟ್ ಯುವ ಕಾರ್ಯಕ್ರಮ

ಸೆನೆಟ್ ಸಭೆಯ ನಿರ್ಣಯದಂತೆ 1962ರಲ್ಲಿ ಈ ಕಾರ್ಯಕ್ರಮವನ್ನು ಸ್ಥಾಪಿಸಲಾಯಿತು. ಪ್ರೌಢಶಾಲೆಯ 11 ಮತ್ತು 12ನೇ ತರಗತಿಗಳಲ್ಲಿ ಓದುತ್ತಿದ್ದು, ವಿದ್ಯಾರ್ಥಿ ಸಂಘದಂತಹ ಸಂಸ್ಥೆಯಲ್ಲಿ ಚುನಾಯಿತ ಅಥವಾ ನೇಮಕಗೊಂಡ ಸ್ಥಾನದಲ್ಲಿರುವವರು ಇದಕ್ಕೆ ಅರ್ಹರು. ಆಯ್ಕೆಯು ಆಯಾ ರಾಜ್ಯದ ಶಿಕ್ಷಣ ಇಲಾಖೆಯ ಮೂಲಕ ನಡೆಯುತ್ತದೆ. ಪ್ರತಿ ರಾಜ್ಯದಿಂದ ಇಬ್ಬರಂತೆ, ವಾಷಿಂಗ್ಟನ್ ನಗರ ಮತ್ತು ವಿದೇಶಗಳಲ್ಲಿರುವ ರಕ್ಷಣಾ ಇಲಾಖೆಯ ಶಾಲೆಗಳು ಸೇರಿದಂತೆ ಒಟ್ಟು 104 ವಿದ್ಯಾರ್ಥಿಗಳು ಆಯ್ಕೆಯಾಗುತ್ತಾರೆ. ಇವರಿಗೆ ವಾಷಿಂಗ್ಟನ್‌ನಲ್ಲಿ ಒಂದು ವಾರದ ಅಧ್ಯಯನ ಕಾರ್ಯಕ್ರಮ ಹಾಗೂ ತಲಾ 10,000 ಡಾಲರ್ ಕಾಲೇಜು ವಿದ್ಯಾರ್ಥಿವೇತನ ದೊರೆಯುತ್ತದೆ. ಇದರ ವೆಚ್ಚವನ್ನು ಹರ್ಸ್ಟ್ ಪ್ರತಿಷ್ಠಾನಗಳು ಭರಿಸುತ್ತವೆ. ಸರ್ಕಾರದ ಹಣ ಇದರಲ್ಲಿ ಸೇರಿಲ್ಲ. ವೇತನ ಪಡೆದವರು ಪದವಿ ವ್ಯಾಸಂಗದಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಅಥವಾ ಸಂಬಂಧಿತ ವಿಷಯಗಳನ್ನು ಸೇರಿಸಿಕೊಳ್ಳುವುದು ಅಪೇಕ್ಷಿತ.

ಪೆಲ್ ಅನುದಾನ

ಇದು ವಿಷಯವನ್ನು ಆಧರಿಸಿದ ವೇತನವಲ್ಲ. ಕುಟುಂಬದ ಆರ್ಥಿಕ ಸ್ಥಿತಿಯನ್ನು ಆಧರಿಸಿ ನೀಡಲಾಗುವ ಕೇಂದ್ರ ಸರ್ಕಾರದ ಅನುದಾನ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೂ ಸೇರಿದಂತೆ ಪದವಿ ತರಗತಿಯ ಬಡ ವಿದ್ಯಾರ್ಥಿಗಳಿಗೆ ಇದೇ ಮೊದಲ ಆಧಾರ. 1972ರಲ್ಲಿ ಆರಂಭವಾದ ಈ ಯೋಜನೆಗೆ 1980ರಲ್ಲಿ ಸೆನೆಟ್ ಸದಸ್ಯ ಕ್ಲೇಬೋರ್ನ್ ಪೆಲ್ ಅವರ ಹೆಸರನ್ನು ಇಡಲಾಯಿತು. 2025-26ನೇ ಸಾಲಿಗೆ ಗರಿಷ್ಠ ಮೊತ್ತ 7,395 ಡಾಲರ್. ಒಬ್ಬ ವಿದ್ಯಾರ್ಥಿಗೆ ಜೀವಿತಾವಧಿಯಲ್ಲಿ ಸುಮಾರು 6 ವರ್ಷಗಳ ಪೂರ್ಣಾವಧಿ ವ್ಯಾಸಂಗಕ್ಕೆ ಸಮನಾದ ಅನುದಾನ ಮಾತ್ರ ಲಭ್ಯ. ಸಾಮಾನ್ಯ ಸಂದರ್ಭಗಳಲ್ಲಿ ಇದನ್ನು ಹಿಂದಿರುಗಿಸಬೇಕಾಗಿಲ್ಲ. ಅರ್ಜಿ ನಮೂನೆಯನ್ನು ಸಂಕ್ಷಿಪ್ತವಾಗಿ ಫಾಫ್ಸಾ ಎಂದು ಕರೆಯಲಾಗುತ್ತದೆ. ಇದನ್ನು ಸಲ್ಲಿಸಲು ಯಾವುದೇ ಶುಲ್ಕವಿಲ್ಲ.

ಟ್ರೂಮನ್ ವಿದ್ಯಾರ್ಥಿವೇತನ

ಅಮೆರಿಕದ 33ನೇ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸ್ಮರಣಾರ್ಥ ಕಾಂಗ್ರೆಸ್ ಅಂಗೀಕರಿಸಿದ ಕಾಯಿದೆಯು 1975ರ ಜನವರಿಯಲ್ಲಿ ಜಾರಿಗೆ ಬಂದಿತು. ಪ್ರತಿಮೆ ಅಥವಾ ಭವನದ ಬದಲು ವಿದ್ಯಾರ್ಥಿವೇತನವನ್ನೇ ಅವರ ಸ್ಮಾರಕವನ್ನಾಗಿ ಮಾಡಿರುವುದು ಇದರ ವೈಶಿಷ್ಟ್ಯ. ಟ್ರೂಮನ್ ಅವರು ಕಾಲೇಜು ಪದವಿ ಪಡೆದವರಲ್ಲ. ಅವರ ನಂತರ ಅಧ್ಯಕ್ಷರಾದವರೆಲ್ಲರೂ ಪದವೀಧರರು. ಖಜಾನೆಯಲ್ಲಿ ಇರಿಸಿರುವ ಮೂಲನಿಧಿಯನ್ನು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿ, ಅದರ ಬಡ್ಡಿಯಿಂದ ವೇತನ ನೀಡುವ ವ್ಯವಸ್ಥೆ ಇದೆ.

ಪದವಿಯ ಮೂರನೆಯ ವರ್ಷದಲ್ಲಿರುವವರು ಇದಕ್ಕೆ ಸ್ಪರ್ಧಿಸುತ್ತಾರೆ. ವಿದ್ಯಾರ್ಥಿಯು ನೇರವಾಗಿ ಅರ್ಜಿ ಸಲ್ಲಿಸುವಂತಿಲ್ಲ; ಕಾಲೇಜು ನಾಮನಿರ್ದೇಶನ ಮಾಡತಕ್ಕದ್ದು. ಆದ್ದರಿಂದ ತಮ್ಮ ಕಾಲೇಜಿನಲ್ಲಿ ಇದಕ್ಕಾಗಿ ನಿಯೋಜಿತರಾದ ಅಧ್ಯಾಪಕರನ್ನು ಮುಂಚಿತವಾಗಿಯೇ ಸಂಪರ್ಕಿಸುವುದು ಅಗತ್ಯ. ಅರ್ಜಿಯೊಂದಿಗೆ ಸಾರ್ವಜನಿಕ ನೀತಿಯ ಒಂದು ಸಮಸ್ಯೆಯನ್ನು ಆಯ್ದು, ಅದಕ್ಕೆ ಪರಿಹಾರದ ಪ್ರಸ್ತಾವನೆಯನ್ನು ಬರೆದುಕೊಡಬೇಕಾಗುತ್ತದೆ. ರಾಜ್ಯಶಾಸ್ತ್ರವನ್ನೇ ಓದಿರಬೇಕೆಂಬ ನಿಯಮವಿಲ್ಲ. ಸಾರ್ವಜನಿಕ ಸೇವೆಯ ಸಂಕಲ್ಪವೇ ಮುಖ್ಯ ಮಾನದಂಡ. ಆಯ್ಕೆಯಾದವರಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ 30,000 ಡಾಲರ್‌ವರೆಗೆ ನೆರವು ದೊರೆಯುತ್ತದೆ.

ಇದಕ್ಕೆ ಪ್ರತಿಯಾಗಿ, ಸ್ನಾತಕೋತ್ತರ ಪದವಿ ಪಡೆದ ನಂತರದ 7 ವರ್ಷಗಳಲ್ಲಿ 3 ವರ್ಷ ಸಾರ್ವಜನಿಕ ಸೇವೆ ಸಲ್ಲಿಸತಕ್ಕದ್ದು. ಸರ್ಕಾರಿ ಹುದ್ದೆಯಷ್ಟೇ ಅಲ್ಲದೆ ಶಾಲಾ ಶಿಕ್ಷಣ ಮತ್ತು ಲಾಭದ ಉದ್ದೇಶವಿಲ್ಲದ ಸೇವಾ ಸಂಸ್ಥೆಗಳಲ್ಲಿನ ಕೆಲಸವನ್ನೂ ಸೇವೆಯೆಂದು ಪರಿಗಣಿಸಲಾಗುತ್ತದೆ. ಸೇವೆ ಸಲ್ಲಿಸದವರು ಮಾತ್ರವಲ್ಲ, ಸಲ್ಲಿಸಿದ ಸೇವೆಗೆ ಸಕಾಲದಲ್ಲಿ ದಾಖಲೆ ಒದಗಿಸದವರೂ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ. ಸೇವೆಯ ಪ್ರಮಾಣಪತ್ರಗಳನ್ನು ವರ್ಷವಾರು ಜೋಪಾನವಾಗಿ ಇಟ್ಟುಕೊಳ್ಳುವುದು ಸೂಕ್ತ.

ಜೇಮ್ಸ್ ಮ್ಯಾಡಿಸನ್ ಶಿಷ್ಯವೇತನ

ಸಂವಿಧಾನದ ಪಿತಾಮಹರೆಂದು ಹೆಸರಾದ 4ನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರ ಹೆಸರಿನಲ್ಲಿ, ಸಂವಿಧಾನದ ದ್ವಿಶತಮಾನೋತ್ಸವಕ್ಕೆ ಒಂದು ವರ್ಷ ಮೊದಲು, ಅಂದರೆ 1986ರಲ್ಲಿ ಕಾಂಗ್ರೆಸ್ ಇದನ್ನು ಸ್ಥಾಪಿಸಿತು. 7ರಿಂದ 12ನೇ ತರಗತಿಗಳಿಗೆ ಅಮೆರಿಕದ ಇತಿಹಾಸ, ಸರ್ಕಾರ ಅಥವಾ ಪೌರನೀತಿಯನ್ನು ಬೋಧಿಸುವ ಶಿಕ್ಷಕರಿಗೂ, ಬೋಧಿಸಲು ಇಚ್ಛಿಸುವ ಪದವೀಧರರಿಗೂ ಇದು ಮೀಸಲು. ಸ್ನಾತಕೋತ್ತರ ಪದವಿಗೆ ಒಟ್ಟು 24,000 ಡಾಲರ್‌ವರೆಗೆ ನೆರವು ನೀಡಲಾಗುತ್ತದೆ. ಸಂವಿಧಾನದ ಉಗಮ, ತತ್ವ ಮತ್ತು ಬೆಳವಣಿಗೆಯನ್ನು ಕುರಿತ ಪಠ್ಯಗಳನ್ನು ಓದುವುದು ಕಡ್ಡಾಯ. ಹೊಸ ಪದವೀಧರರು 2 ವರ್ಷಗಳಲ್ಲಿ ಪೂರ್ಣಾವಧಿಯಾಗಿ, ಸೇವೆಯಲ್ಲಿರುವ ಶಿಕ್ಷಕರು 5 ವರ್ಷಗಳಲ್ಲಿ ಅರೆಕಾಲಿಕವಾಗಿ ವ್ಯಾಸಂಗ ಮುಗಿಸಬಹುದು.

ವೇತನ ಪಡೆದ ಪ್ರತಿ ಪೂರ್ಣ ವರ್ಷಕ್ಕೆ ಒಂದು ವರ್ಷ ಪೂರ್ಣಾವಧಿ ಬೋಧನೆ ಮಾಡತಕ್ಕದ್ದು. ಉದಾಹರಣೆಗೆ, ವರ್ಷಕ್ಕೆ 12,000 ಡಾಲರ್‌ನಂತೆ 2 ವರ್ಷ ಪಡೆದವರು 2 ವರ್ಷ ಪಾಠ ಹೇಳಬೇಕು. ಬೇರೆ ಉದ್ಯೋಗ ಹಿಡಿದಲ್ಲಿ ಇದೇ ಹಣ ಬಡ್ಡಿ ಸಹಿತ ಸಾಲವಾಗುತ್ತದೆ. ವಕೀಲಿ ಅಥವಾ ಖಾಸಗಿ ಉದ್ಯೋಗದತ್ತ ಮನಸ್ಸಿರುವವರು ಈ ಲೆಕ್ಕವನ್ನು ಅರ್ಜಿ ಸಲ್ಲಿಸುವ ಮೊದಲೇ ಮಾಡಿಕೊಳ್ಳುವುದು ಒಳಿತು.

ಪೌರತ್ವದ ನಿಯಮ

ಟ್ರೂಮನ್ ಮತ್ತು ಮ್ಯಾಡಿಸನ್ ವೇತನಗಳಿಗೆ ಅಮೆರಿಕದ ಪೌರತ್ವ ಅಥವಾ ಅಲ್ಲಿನ ಕಾನೂನಿನಂತೆ ರಾಷ್ಟ್ರೀಯರೆಂಬ ಸ್ಥಾನ ಅಗತ್ಯ. ಗ್ರೀನ್ ಕಾರ್ಡ್ ಹೊಂದಿದ ಕಾಯಂ ನಿವಾಸಿಗಳು ಸೆನೆಟ್ ಯುವ ಕಾರ್ಯಕ್ರಮ ಮತ್ತು ಪೆಲ್ ಅನುದಾನಕ್ಕೆ ಅರ್ಹರು. ಆದರೆ ಟ್ರೂಮನ್ ವೇತನಕ್ಕೆ ಅರ್ಹರಲ್ಲ. ತಂದೆ ಅಥವಾ ತಾಯಿಯ ಎಚ್-1ಬಿ ವೀಸಾವನ್ನು ಅವಲಂಬಿಸಿ ಎಚ್-4 ವೀಸಾದಲ್ಲಿರುವ ಮಕ್ಕಳು ಈ ನಾಲ್ಕರಲ್ಲಿ ಯಾವುದಕ್ಕೂ ಅರ್ಹರಲ್ಲ.

ಈ ನಿಯಮದ ಪರಿಣಾಮವು ಒಂದೇ ಮನೆಯ ಮಕ್ಕಳಲ್ಲಿಯೂ ಬೇರೆ ಬೇರೆಯಾಗಿರಬಹುದು. ಬೆಂಗಳೂರಿನಲ್ಲಿ ಜನಿಸಿ ಬಾಲ್ಯದಲ್ಲೇ ಅಮೆರಿಕಕ್ಕೆ ತೆರಳಿದ ಹಿರಿಯ ಮಗಳು ಅಲ್ಲಿನ ಶಾಲೆಯಲ್ಲೇ ಸಂವಿಧಾನವನ್ನು ಓದಿ ಉತ್ತಮ ಅಂಕ ಪಡೆದಿದ್ದರೂ, ಎಚ್-4 ವೀಸಾದಲ್ಲಿದ್ದರೆ ಆಕೆಗೆ ಪೆಲ್ ಅನುದಾನ ಸಿಗುವುದಿಲ್ಲ. ಅಮೆರಿಕದ ಪೌರತ್ವವಿರುವ ಆಕೆಯ ತಮ್ಮ ಅರ್ಜಿ ಸಲ್ಲಿಸಬಹುದು. ತಂದೆ ತಾಯಿ ಭಾರತದ ಪ್ರಜೆಗಳಾಗಿರುವುದು ಅವನ ಅರ್ಹತೆಗೆ ಅಡ್ಡಿಯಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರ ಕಾಯುವಿಕೆ ದೀರ್ಘವಾಗಿದೆ. ಎಚ್-4 ವೀಸಾ 21 ವರ್ಷ ವಯಸ್ಸಿಗೆ ಕೊನೆಗೊಳ್ಳುತ್ತದೆ. ಇಂತಹ ಕುಟುಂಬಗಳು ಕಾಲೇಜಿನ ಸ್ವಂತ ನಿಧಿಯಿಂದ ದೊರೆಯುವ ನೆರವಿನ ಬಗ್ಗೆ ಪ್ರವೇಶಕ್ಕೆ ಮೊದಲೇ ವಿಚಾರಿಸುವುದು ಅವಶ್ಯ.

ಭಾರತದಿಂದ ತೆರಳುವವರಿಗೆ

ಭಾರತದ ಪ್ರಜೆಗಳಿಗೆ ಮೇಲ್ಕಂಡ ಬಾಗಿಲುಗಳು ಮುಚ್ಚಿದ್ದರೂ ಬೇರೆ ಮಾರ್ಗಗಳಿವೆ. ಉಭಯ ಸರ್ಕಾರಗಳ 1950ರ ಒಪ್ಪಂದದಿಂದ ಭಾರತದಲ್ಲಿ ಫುಲ್‌ಬ್ರೈಟ್ ಕಾರ್ಯಕ್ರಮ ಆರಂಭವಾಯಿತು. 2008ರ ಹೊಸ ಒಪ್ಪಂದದ ನಂತರ ಇದು ಫುಲ್‌ಬ್ರೈಟ್-ನೆಹರು ಎಂಬ ಹೆಸರು ಪಡೆಯಿತು. ಇದರ ಸ್ನಾತಕೋತ್ತರ ಶಿಷ್ಯವೇತನದ ಕ್ಷೇತ್ರಗಳಲ್ಲಿ ಸಾರ್ವಜನಿಕ ಆಡಳಿತವೂ ಸೇರಿದೆ. ಪದವಿಯಲ್ಲಿ ಕನಿಷ್ಠ ಶೇಕಡ 55 ಅಂಕ ಮತ್ತು 3 ವರ್ಷಗಳ ಪೂರ್ಣಾವಧಿ ವೃತ್ತಿ ಅನುಭವವನ್ನು ಇದಕ್ಕೆ ನಿಗದಿಪಡಿಸಲಾಗಿದೆ. ಇಲ್ಲಿಯೂ ಷರತ್ತು ಉಂಟು: ವ್ಯಾಸಂಗ ಮುಗಿದ ಮೇಲೆ ಸ್ವದೇಶಕ್ಕೆ ಮರಳತಕ್ಕದ್ದು, ಮತ್ತು ಇಲ್ಲಿ ಒಟ್ಟು 2 ವರ್ಷ ವಾಸಿಸಿದ ನಂತರವೇ ಅಮೆರಿಕದಲ್ಲಿ ಎಚ್-1ಬಿ ವೀಸಾ ಅಥವಾ ಕಾಯಂ ನಿವಾಸ ಪಡೆಯಬಹುದು.

ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವರಿಗೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆಯೊಂದಿಗೆ ಶುಲ್ಕ ವಿನಾಯಿತಿ ಮತ್ತು ಮಾಸಿಕ ವೇತನ ನೀಡುತ್ತವೆ. ಇದಕ್ಕೆ ವಿದೇಶೀಯರೂ ಅರ್ಹರು.

ಗಮನಿಸತಕ್ಕ ಅಂಶಗಳು

ಅರ್ಜಿದಾರರು ಮೊದಲು ಪೌರತ್ವದ ನಿಯಮವನ್ನು, ನಂತರ ಸೇವೆಯ ಷರತ್ತನ್ನು, ಕೊನೆಯಲ್ಲಿ ಮೊತ್ತವನ್ನು ಪರಿಶೀಲಿಸುವುದು ಸೂಕ್ತ. ಟ್ರೂಮನ್ ವೇತನಕ್ಕೆ ಕಾಲೇಜಿನ ನಾಮನಿರ್ದೇಶನವೇ ದಾರಿಯಾದ್ದರಿಂದ ಹಾಗೂ ಫಾಫ್ಸಾ ಅರ್ಜಿ ಉಚಿತವಾದ್ದರಿಂದ, ಇವುಗಳನ್ನು ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಮೊತ್ತ ಮತ್ತು ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಸಂಬಂಧಪಟ್ಟ ಸಂಸ್ಥೆಯ ಆಯಾ ಸಾಲಿನ ಅಧಿಕೃತ ಪ್ರಕಟಣೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಮುಚ್ಚಳಿಕೆಗೆ ಸಹಿ ಮಾಡುವ ಮೊದಲು ಅದನ್ನು ಪೂರ್ಣವಾಗಿ ಓದಿ, ಒಂದು ಪ್ರತಿಯನ್ನು ಸೇವಾ ಅವಧಿ ಮುಗಿಯುವವರೆಗೂ ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು.