ಊರನ್ನೇ ಎತ್ತಿದರು, ನದಿಯನ್ನೇ ತಿರುಗಿಸಿದರು

1861ರ ಶಿಕಾಗೊ. ಲೇಕ್ ಸ್ಟ್ರೀಟ್ ಮತ್ತು ಡಿಯರ್‌ಬಾರ್ನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಟ್ರೆಮಾಂಟ್ ಹೌಸ್ ಎಂಬ ಆರು ಅಂತಸ್ತಿನ ಇಟ್ಟಿಗೆಯ ಹೋಟೆಲು. ಅಲ್ಲಿ ಇಳಿದುಕೊಂಡಿದ್ದ ಒಬ್ಬಾತನಿಗೆ ಏನೋ ಎಡವಟ್ಟಾಗಿದೆ ಅನ್ನಿಸತೊಡಗಿತಂತೆ. ಬೀದಿಯಿಂದ ಬಾಗಿಲಿಗೆ ಹತ್ತುವ ಮೆಟ್ಟಿಲು ದಿನೇ ದಿನೇ ಕಡಿದಾಗುತ್ತಿತ್ತು. ಬಂದ ದಿನ ಕಣ್ಣಿನ ಮಟ್ಟಕ್ಕಿದ್ದ ಕಿಟಕಿ, ಲೆಕ್ಕ ಚುಕ್ತಾ ಮಾಡಿ ಹೊರಡುವ ಹೊತ್ತಿಗೆ ತಲೆಯ ಮೇಲೆಲ್ಲೋ ಇತ್ತು. ವಿಚಾರಿಸಿದರೆ, ಆತ ಉಂಡು ಮಲಗಿದ್ದ ಅಷ್ಟೂ ದಿನ ಕೆಳಗೆ ಐನೂರು ಆಳುಗಳು ಐದು ಸಾವಿರ ಜಾಕ್ ತಿರುಗಿಸುತ್ತ ಇಡೀ ಹೋಟೆಲನ್ನು ಮೇಲಕ್ಕೆತ್ತುತ್ತಿದ್ದರು!

ಲಾರಿಯ ಟೈರು ಬದಲಿಸಲು ಜಾಕ್ ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಊರಿಗೇ ಜಾಕ್ ಕೊಟ್ಟ ಜನ ಶಿಕಾಗೊದವರು. ಯಾಕೆ ಕೊಟ್ಟರು, ಆಮೇಲೆ ಏನಾಯಿತು ಎಂದು ಹುಡುಕುತ್ತ ಹೋದರೆ ಆ ನಗರದ ಅರ್ಧ ಇತಿಹಾಸ ಕೈಗೆ ಸಿಗುತ್ತದೆ. ಗಗನಚುಂಬಿಗಳ ಊರೆಂದು ಹೆಸರಾದ ಶಿಕಾಗೊದ ನಿಜವಾದ ಕಥೆಗಳಿರುವುದು ನೆಲದ ಕೆಳಗೆ, ಕೆಸರಿನಲ್ಲಿ, ಚರಂಡಿಯಲ್ಲಿ, ನದಿಯಲ್ಲಿ.

ಕಾಡು ಈರುಳ್ಳಿಯ ಜೌಗು

ಊರಿನ ಹೆಸರಿನಲ್ಲೇ ಕೆಸರಿದೆ. ಮಯಾಮಿ–ಇಲಿನಾಯ್ ಬುಡಕಟ್ಟಿನವರು ಈ ಜಾಗವನ್ನು ‘ಶಿಕಾಕ್ವಾ’ ಎಂದು ಕರೆಯುತ್ತಿದ್ದರು. ನದಿಯಂಚಿನ ಜೌಗಿನಲ್ಲಿ ಬೆಳೆಯುತ್ತಿದ್ದ ಘಾಟು ವಾಸನೆಯ ಕಾಡು ಈರುಳ್ಳಿಯಂಥ ಗಿಡದ ಹೆಸರು ಅದು. 1780ರ ದಶಕದಲ್ಲಿ ಶಿಕಾಗೊ ನದಿ ಮಿಶಿಗನ್ ಸರೋವರವನ್ನು ಸೇರುವಲ್ಲಿ ಮನೆ ಕಟ್ಟಿ, ಹೊಲ ಮಾಡಿ, ವ್ಯಾಪಾರಕ್ಕೆ ಕೂತವನು ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ದು ಸಾಬ್ಲ್ ಎಂಬ ಕಪ್ಪು ವರ್ತಕ. ಅವನ ಹೆಂಡತಿ ಕಿಟಿಹಾವಾ, ಪೊಟವಾಟಮಿ ಬುಡಕಟ್ಟಿನವಳು. 1800ರಲ್ಲಿ ಅವನು ಎಲ್ಲವನ್ನೂ ಮಾರಿ ಹೋದ. 1833ರ ಒಪ್ಪಂದದ ನಂತರ ಪೊಟವಾಟಮಿ ಜನ ಆ ನೆಲವನ್ನೇ ಬಿಟ್ಟು ಪಶ್ಚಿಮಕ್ಕೆ ಹೋಗಬೇಕಾಯಿತು. ಮೊದಲ ನೆಲೆಗಾರನ ಹೆಸರನ್ನು ಸರೋವರದಂಚಿನ ಹೆದ್ದಾರಿಗೆ ಇಡಲು ನಗರಕ್ಕೆ 2021ರವರೆಗೆ ಪುರುಸೊತ್ತಾಗಲಿಲ್ಲ.

1840ರಲ್ಲಿ ಅಲ್ಲಿದ್ದದ್ದು ನಾಲ್ಕೂವರೆ ಸಾವಿರ ಜನ. 1848ರಲ್ಲಿ ಕಾಲುವೆ ಬಂತು, ರೈಲು ಬಂತು, ಧಾನ್ಯ ಬಂತು, ದನ ಬಂತು. 1860ರ ಹೊತ್ತಿಗೆ ಜನಸಂಖ್ಯೆ ಲಕ್ಷ ದಾಟಿತು. ಊರೇನೋ ಬೆಳೆಯಿತು, ಆದರೆ ಅದು ಕೂತ ನೆಲ ಮಿಶಿಗನ್ ಸರೋವರದ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರ. ತಳದಲ್ಲಿ ಜೇಡಿಮಣ್ಣು. ಬಿದ್ದ ಮಳೆ ಇಂಗದು, ಹರಿಯದು. ಬೀದಿಗಳಲ್ಲಿ ಬಂಡಿ ಹೂತುಹೋದಲ್ಲಿ ಜನ ‘ಇಲ್ಲಿ ತಳವಿಲ್ಲ’ ಎಂದು ಹಲಗೆ ನೆಡುತ್ತಿದ್ದರು. ಆ ಕಾಲದ ಒಂದು ಜೋಕು ಇಂದಿಗೂ ಊರಿನಲ್ಲಿ ಓಡಾಡುತ್ತದೆ. ಕೆಸರಿನ ಮೇಲೆ ಒಂದು ಟೋಪಿ ಕಾಣಿಸಿತಂತೆ. ಎತ್ತಿ ನೋಡಿದರೆ ಕೆಳಗೊಂದು ತಲೆ. ‘ಸಹಾಯ ಬೇಕೇನಪ್ಪಾ?’ ಎಂದರೆ, ‘ನನಗೇನೂ ಬೇಡ, ನನ್ನ ಕೆಳಗಿರುವ ಕುದುರೆಯನ್ನು ನೋಡಿಕೊಳ್ಳಿ’ ಅಂದನಂತೆ ತಲೆಯವ.

ನಗು ಬಹಳ ದಿನ ಉಳಿಯಲಿಲ್ಲ. ಕೊಳಚೆ ನಿಂತಲ್ಲಿ ಕಾಲರಾ ಬಂತು. 1854ರ ಒಂದೇ ವರ್ಷ ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು.

ಸೀಟಿ ಊದಿದರೆ ಕಾಲು ಸುತ್ತು

1855ರಲ್ಲಿ ಬಾಸ್ಟನ್ನಿನಿಂದ ಎಲಿಸ್ ಚೆಸ್ಬ್ರೊ ಎಂಬ ಎಂಜಿನಿಯರನ್ನು ಕರೆಸಿದರು. ಚರಂಡಿ ಅಗೆಯೋಣವೆಂದರೆ ಇಳಿಜಾರೇ ಇಲ್ಲ, ನೆಲ ಅಗೆದರೆ ನೀರು. ಅವರು ಯೋಚನೆಯನ್ನೇ ತಲೆಕೆಳಗು ಮಾಡಿದರು. ಚರಂಡಿಯನ್ನು ಬೀದಿಯ ಮೇಲೆ ಕಟ್ಟುವುದು, ಅದರ ಮೇಲೆ ನದಿಯಿಂದ ತೆಗೆದ ಹೂಳು ಸುರಿಯುವುದು, ಮೇಲೆದ್ದ ಮಟ್ಟದಲ್ಲಿ ಹೊಸ ಬೀದಿ ಹಾಕುವುದು. ಹಾಗಾದರೆ ಇರುವ ಕಟ್ಟಡಗಳ ಗತಿ? ಬಾಗಿಲು ಹೂತುಹೋಗುತ್ತದೆ, ಇಲ್ಲವೇ ಕಟ್ಟಡ ಮೇಲೆ ಬರಬೇಕು. ಶಿಕಾಗೊ ಎರಡನೆಯದನ್ನು ಆರಿಸಿತು.

ಮೊದಲ ಇಟ್ಟಿಗೆ ಕಟ್ಟಡ ಎದ್ದದ್ದು 1858ರ ಜನವರಿಯಲ್ಲಿ. ನಾಲ್ಕು ಅಂತಸ್ತು, ಇನ್ನೂರು ಜಾಕ್, ಆರು ಅಡಿ ಎರಡು ಇಂಚು ಎತ್ತರ. ಗೋಡೆಯಲ್ಲಿ ಒಂದು ಬಿರುಕೂ ಬೀಳಲಿಲ್ಲ. 1860ರಲ್ಲಿ ಲೇಕ್ ಸ್ಟ್ರೀಟಿನ ಕ್ಲಾರ್ಕ್ ಮತ್ತು ಲಸಾಲ್ ಬೀದಿಗಳ ನಡುವಿನ ಇಡೀ ಸಾಲನ್ನು ಒಟ್ಟಿಗೆ ಎತ್ತಿದರು. 320 ಅಡಿ ಉದ್ದದ ಸಾಲು, ಆರುನೂರು ಆಳು, ಆರು ಸಾವಿರ ಜಾಕ್. ತಳಪಾಯದ ಸುತ್ತ ಅಗೆದು ದಪ್ಪ ದಿಮ್ಮಿಗಳನ್ನು ತೂರಿಸಿ, ಅವುಗಳ ಅಡಿಗೆ ಜಾಕ್‌ಗಳನ್ನು ಸಾಲಾಗಿ ಕೂರಿಸುತ್ತಿದ್ದರು. ಆಳಿಗೆ ಹತ್ತರಂತೆ ಪಾಲು. ಸೀಟಿ ಊದಿದೊಡನೆ ಪ್ರತಿಯೊಬ್ಬನೂ ತನ್ನ ಪಾಲಿನ ಜಾಕ್‌ಗಳನ್ನು ಒಂದಾದ ಮೇಲೊಂದು ಕಾಲು ಸುತ್ತು ತಿರುಗಿಸಬೇಕು, ಮತ್ತೆ ಸೀಟಿಗೆ ಕಾಯಬೇಕು. ಹೀಗೆ ಐದು ದಿನಕ್ಕೆ ನಾಲ್ಕು ಅಡಿ ಎಂಟು ಇಂಚು. ಮೇಲೆ ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು, ಕೆಳಗೆ ಗಾರೆಯವರು ಹೊಸ ತಳಪಾಯ ಕಟ್ಟುತ್ತಿದ್ದರು.

ಟ್ರೆಮಾಂಟ್ ಹೋಟೆಲನ್ನು ಎತ್ತಿದ ಗುತ್ತಿಗೆದಾರರಲ್ಲಿ ಜಾರ್ಜ್ ಪುಲ್ಮನ್ ಎಂಬ ತರುಣನಿದ್ದ. ಕಟ್ಟಡ ಎತ್ತಿ ಮಾಡಿದ ಹೆಸರಿನ ಮೇಲೆ ಆತ ರೈಲಿನ ಸ್ಲೀಪರ್ ಬೋಗಿಗಳ ಸಾಮ್ರಾಜ್ಯ ಕಟ್ಟಿದ. ಎತ್ತುವ ಖರ್ಚಿಗೆ ತೂಗದ ಮರದ ಮನೆಗಳನ್ನು ಉರುಳುದಿಮ್ಮಿಯ ಮೇಲಿಟ್ಟು ಊರಾಚೆಗೆ ಎಳೆದೊಯ್ಯುತ್ತಿದ್ದರು. ಆ ದಶಕದಲ್ಲಿ ಬಂದ ಸ್ಕಾಟ್ಲೆಂಡಿನ ಪ್ರವಾಸಿ ಡೇವಿಡ್ ಮಕ್ರೇ, ಒಂದೇ ದಿನ ಒಂಬತ್ತು ಮನೆಗಳು ರಸ್ತೆಯಲ್ಲಿ ಎದುರಾದವೆಂದು ಬರೆದುಕೊಂಡಿದ್ದಾರೆ. ಎಲ್ಲರಿಗೂ ಎತ್ತಿಸುವ ಶಕ್ತಿ ಇರಲಿಲ್ಲ. ಬಡವರ ಕೇರಿಗಳಲ್ಲಿ ಬೀದಿ ಏರಿತು, ಮನೆ ಅಲ್ಲೇ ಉಳಿಯಿತು. ಪಿಲ್ಸೆನ್ ಬಡಾವಣೆಯಲ್ಲಿ ಇಂದಿಗೂ ಫುಟ್‌ಪಾತಿನಿಂದ ಕೆಳಗಿಳಿದು ಅಂಗಳಕ್ಕೆ ಹೋಗಬೇಕಾದ ಹಳೆಯ ಮನೆಗಳಿವೆ.

ಹಸುವಿನ ಮೇಲೆ ಹೊರಿಸಿದ ಬೆಂಕಿ

ಎತ್ತಿದ ಊರನ್ನು ಹತ್ತೇ ವರ್ಷಕ್ಕೆ ಬೆಂಕಿ ನುಂಗಿತು. 1871ರ ಅಕ್ಟೋಬರ್ 8, ಭಾನುವಾರ ರಾತ್ರಿ. ತಿಂಗಳುಗಟ್ಟಲೆ ಸರಿಯಾದ ಮಳೆಯಿಲ್ಲ. ಮನೆ ಮರದ್ದು, ಫುಟ್‌ಪಾತು ಮರದ್ದು. ಹಿಂದಿನ ರಾತ್ರಿಯ ದೊಡ್ಡ ಬೆಂಕಿಯೊಂದನ್ನು ಆರಿಸಿ ದಣಿದಿದ್ದ ಅಗ್ನಿಶಾಮಕರನ್ನು ಕಾವಲುಗಾರ ತಪ್ಪು ದಿಕ್ಕಿಗೆ ಕಳಿಸಿದ. ಗಾಳಿಗೆ ಬೆಂಕಿ ನದಿಯನ್ನೇ ಹಾರಿತು. ನೀರೆತ್ತುವ ಸ್ಥಾವರದ ಚಾವಣಿ ಕುಸಿದ ಮೇಲೆ ನಲ್ಲಿಗಳೂ ಒಣಗಿದವು. 10ನೇ ತಾರೀಖು ಮಳೆ ಬಂದು ಬೆಂಕಿ ಆರಿದಾಗ ಸುಮಾರು 300 ಜನ ಸತ್ತಿದ್ದರು, ಲಕ್ಷ ಜನ ಬೀದಿಪಾಲಾಗಿದ್ದರು, 17 ಸಾವಿರಕ್ಕೂ ಹೆಚ್ಚು ಕಟ್ಟಡ ಬೂದಿಯಾಗಿದ್ದವು. ಎರಡು ವರ್ಷ ಹಿಂದಷ್ಟೇ ಸುಣ್ಣಕಲ್ಲಿನಲ್ಲಿ ಕಟ್ಟಿದ ನೀರಿನ ಗೋಪುರ ಉಳಿಯಿತು. ಮಿಶಿಗನ್ ಅವೆನ್ಯೂನಲ್ಲಿ ಅದು ಈಗಲೂ ಇದೆ.

ಬೆಂಕಿ ಎದ್ದದ್ದು ಡಿಕೋವನ್ ಸ್ಟ್ರೀಟಿನಲ್ಲಿ, ಹಾಲು ಮಾರಿ ಬದುಕುತ್ತಿದ್ದ ಕ್ಯಾಥರೀನ್ ಓಲಿಯರಿ ಎಂಬಾಕೆಯ ಕೊಟ್ಟಿಗೆಯ ಹತ್ತಿರ. ಅಷ್ಟು ಸಾಕಾಯಿತು. ಆಕೆ ಹಾಲು ಕರೆಯುವಾಗ ಹಸು ಒದ್ದು ಲಾಂದ್ರ ಬಿತ್ತು ಎಂದು ಪತ್ರಿಕೆಗಳು ಬರೆದವು. ಆಕೆ ಅಂದು ಬೇಗ ಮಲಗಿದ್ದೆ ಎಂದು ಪ್ರಮಾಣ ಮಾಡಿ ಹೇಳಿದರೂ ಯಾರೂ ಕೇಳಲಿಲ್ಲ. ಐರ್ಲೆಂಡಿನಿಂದ ಬಂದ ಬಡವಿ, ಕ್ಯಾಥೊಲಿಕ್, ಮೇಲಾಗಿ ಹೆಂಗಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತೇವಲ್ಲ, ಇಲ್ಲಿ ಆ ಬರೆ ಹಸುವಿಗೂ ಅದರ ಒಡತಿಗೂ ಬಿತ್ತು. ಊರನ್ನು ಮರದಲ್ಲಿ ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಹಸುವಿನ ಕಥೆ ಕಟ್ಟುಕಥೆಯೆಂದು ಮೈಕೆಲ್ ಅಹರ್ನ್ ಎಂಬ ವರದಿಗಾರ 1893ರಲ್ಲಿ ಒಪ್ಪಿಕೊಂಡರು. ಎರಡು ವರ್ಷಕ್ಕೆ ಓಲಿಯರಿ ತೀರಿಕೊಂಡರು. ನಗರ ಸಭೆ ಆಕೆಯನ್ನೂ ಹಸುವನ್ನೂ ದೋಷಮುಕ್ತರೆಂದು ಸಾರಿದ್ದು 1997ರಲ್ಲಿ. ಆಕೆಯ ಮನೆಯಿದ್ದ ಜಾಗದಲ್ಲಿ ಈಗ ಅಗ್ನಿಶಾಮಕರ ತರಬೇತಿ ಶಾಲೆಯಿದೆ.

ಸುಟ್ಟ ಇಟ್ಟಿಗೆ, ಕಲ್ಲು, ಬೂದಿಯನ್ನು ಬಂಡಿಗಟ್ಟಲೆ ತಂದು ಸರೋವರದಂಚಿಗೆ ಸುರಿದರು. ಇಂದಿನ ಗ್ರಾಂಟ್ ಪಾರ್ಕ್ ಬೆಳೆದದ್ದು ಹಾಗೆ. ಆ ಉದ್ಯಾನದ ಅಂಚಿನಲ್ಲಿ ಆಗಷ್ಟೇ ಎದ್ದಿದ್ದ ಕಲಾಭವನದಲ್ಲಿ 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಶುರುವಾಯಿತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಅಂದು ಮಾತಾಡಿದ್ದು ಅಲ್ಲೇ. ಭಾರತದ ಬಡಜನರಿಗೆ ಶಿಕ್ಷಣ ಕೊಡುವ ಬಗ್ಗೆ 1894ರ ಜೂನ್‌ನಲ್ಲಿ ಅವರು ಮೈಸೂರು ಮಹಾರಾಜರಿಗೆ ಕಾಗದ ಬರೆದದ್ದೂ ಶಿಕಾಗೊದಿಂದಲೇ.

ನೆರೆಯವರ ಅಂಗಳಕ್ಕೆ

ಇಷ್ಟೆಲ್ಲ ಮಾಡಿ ಕಟ್ಟಿದ ಚರಂಡಿಯ ನೀರು ಹೋಗುತ್ತಿದ್ದದ್ದು ಎಲ್ಲಿಗೆ? ನದಿಗೆ. ನದಿ ಹೋಗುತ್ತಿದ್ದದ್ದು ಸರೋವರಕ್ಕೆ. ಊರು ಕುಡಿಯುತ್ತಿದ್ದದ್ದು ಅದೇ ಸರೋವರದ ನೀರನ್ನು! ಮೊದಲು ದಂಡೆಯಿಂದ ಎರಡು ಮೈಲಿ ಒಳಗಿನಿಂದ ನೀರು ತರಲು ಸರೋವರದಡಿ ಸುರಂಗ ಕೊರೆದರು. 1867ರಲ್ಲಿ ಅದು ಮುಗಿಯಿತು. ಕೊಳಕೂ ಅಷ್ಟು ದೂರ ಬಂತು. ದಕ್ಷಿಣದಲ್ಲಿ 1865ರಿಂದ ನಡೆಯುತ್ತಿದ್ದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ದೈತ್ಯ ಕಸಾಯಿಖಾನೆಗಳ ರಕ್ತ, ಕರುಳು ನದಿಯ ಒಂದು ಕವಲಿಗೆ ಬೀಳುತ್ತಿತ್ತು. ಕೊಳೆತ ತಳದಿಂದ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತಿದ್ದ ಆ ಕವಲಿಗೆ ಜನರಿಟ್ಟ ಹೆಸರು ‘ಗುಳ್ಳೆ ಹಳ್ಳ’.

ಆಗ ಹೊಳೆದದ್ದು ನದಿಯನ್ನೇ ಹಿಂದಕ್ಕೆ ತಿರುಗಿಸುವ ಉಪಾಯ. ಶಿಕಾಗೊದ ಪಶ್ಚಿಮಕ್ಕೆ ಕಣ್ಣಿಗೂ ಕಾಣದಷ್ಟು ತಗ್ಗಾದ ಒಂದು ದಿಬ್ಬವಿದೆ. ಅದರ ಈಚೆಯ ನೀರು ಸರೋವರಕ್ಕೆ, ಆಚೆಯದು ಮಿಸಿಸಿಪ್ಪಿಗೆ. ದಿಬ್ಬವನ್ನು ಸರೋವರದ ಮಟ್ಟಕ್ಕಿಂತ ಆಳವಾಗಿ ಕಡಿದರೆ ನದಿ ತಾನಾಗಿ ಆಚೆಗೆ ಹರಿಯುತ್ತದೆ. 1892ರಲ್ಲಿ ಅಗೆತ ಶುರುವಾಯಿತು. ಮಣ್ಣು, ಬಂಡೆ ಸೀಳಿ 28 ಮೈಲಿ ಕಾಲುವೆ ತೆಗೆದರು. ಕೆಳಗಿನ ಸೇಂಟ್ ಲೂಯಿಸ್ ನಗರದವರು ಮಿಸಿಸಿಪ್ಪಿಯ ನೀರು ಕುಡಿಯುವವರು. ಅವರು ಕೋರ್ಟಿಗೆ ಹೋಗುವ ಸುದ್ದಿ ಹಬ್ಬಿತ್ತು. 1900ರ ಜನವರಿ 2ರ ಕೊರೆಯುವ ಚಳಿಯ ಬೆಳಿಗ್ಗೆ ಸಮಾರಂಭವಿಲ್ಲ, ಭಾಷಣವಿಲ್ಲ, ಅಧಿಕಾರಿಗಳು ಸದ್ದಿಲ್ಲದೆ ಹೋಗಿ ಕೊನೆಯ ಮಣ್ಣಿನ ಒಡ್ಡು ಒಡೆಸಿದರು. ತಡೆಯಾಜ್ಞೆ ಬರುವ ಮೊದಲೇ ನದಿ ತಿರುಗಿತು. ಶಿಕಾಗೊ ನದಿಯ ನೀರು ಈಗ ದ್ರವದ ಹಾಗೆ ಕಾಣುತ್ತಿದೆ ಎಂದು ನ್ಯೂಯಾರ್ಕಿನ ಪತ್ರಿಕೆಯೊಂದು ಕುಟುಕಿತು.

ಸೇಂಟ್ ಲೂಯಿಸ್ ಇರುವ ಮಿಸ್ಸೂರಿ ರಾಜ್ಯ ದಾವೆ ಹೂಡಿತು. ವಿಷಮಶೀತ ಜ್ವರಕ್ಕೆ ಶಿಕಾಗೊದ ಕೊಳಚೆಯೇ ಕಾರಣವೆಂದು ಸಾಬೀತಾಗಿಲ್ಲ ಎಂದು 1906ರಲ್ಲಿ ಸುಪ್ರೀಂ ಕೋರ್ಟು ಅದನ್ನು ವಜಾ ಮಾಡಿತು. ಎಂಜಿನಿಯರಿಂಗ್ ಅದ್ಭುತವೆಂದು ಆ ಕಾಲುವೆಗೆ ಮನ್ನಣೆ ಬಂದದ್ದು ಸರಿಯೇ. ಶಿಕಾಗೊದಲ್ಲಿ ಜ್ವರದ ಸಾವುಗಳು ಇಳಿದದ್ದೂ ನಿಜ. ಆದರೆ ತನ್ನ ಮನೆ ಗುಡಿಸಿ ನೆರೆಯವರ ಅಂಗಳಕ್ಕೆ ಕಸ ತಳ್ಳುವುದಕ್ಕೆ ಇಷ್ಟು ದೊಡ್ಡ ಪೊರಕೆ ಹಿಡಿದ ಊರು ಇನ್ನೊಂದಿಲ್ಲ.

ದಂಡೆಯಿಂದ ಇಪ್ಪತ್ತು ಅಡಿ

ತಿರುಗಿಸಿದ ನದಿ 1915ರ ಜುಲೈ 24ರಂದು ಊರನ್ನು ಅಳುವಂತೆ ಮಾಡಿತು. ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯ ಕೆಲಸಗಾರರು, ಹೆಚ್ಚಿನವರು ಜೆಕ್ ಮತ್ತು ಪೋಲಿಷ್ ವಲಸಿಗರು, ಹೆಂಡತಿ ಮಕ್ಕಳೊಂದಿಗೆ ಹೊಸ ಬಟ್ಟೆ ತೊಟ್ಟು ವರ್ಷದ ಪಿಕ್ನಿಕ್ಕಿಗೆ ಹೊರಟಿದ್ದರು. ಈಸ್ಟ್‌ಲ್ಯಾಂಡ್ ಹಡಗು ನಿಂತಿದ್ದದ್ದು ಅದೇ ಕ್ಲಾರ್ಕ್ ಮತ್ತು ಲಸಾಲ್ ಬೀದಿಗಳ ನಡುವಿನ ದಂಡೆಯಲ್ಲಿ. ಎರಡೂವರೆ ಸಾವಿರ ಜನ ಹತ್ತಿದರು. ಹಗ್ಗ ಇನ್ನೂ ಕಟ್ಟಿದ್ದಂತೆಯೇ ಹಡಗು ವಾಲಿತು, ಮಗ್ಗುಲಾಗಿ ಮಲಗಿತು. ದಂಡೆಗೆ ಇಪ್ಪತ್ತು ಅಡಿ, ನೀರಿನ ಆಳವೂ ಇಪ್ಪತ್ತು ಅಡಿ. ಸತ್ತವರು 844. ಇಪ್ಪತ್ತೆರಡು ಸಂಸಾರಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಟೈಟಾನಿಕ್ ಮುಳುಗಿದ ಮೇಲೆ ಬಂದ ನಿಯಮಕ್ಕಾಗಿ ಮೇಲಂತಸ್ತಿಗೆ ಹೆಚ್ಚುವರಿ ಜೀವರಕ್ಷಕ ದೋಣಿಗಳನ್ನು ಏರಿಸಿದ್ದರು. ಮೊದಲೇ ತೂಗಾಡುತ್ತಿದ್ದ ಹಡಗಿಗೆ ಆ ಭಾರವೂ ಸೇರಿತ್ತು.

ನೆಲಮಾಳಿಗೆಯಲ್ಲಿ ಮೀನು

ನದಿ ಕೊನೆಯದಾಗಿ ಸೇಡು ತೀರಿಸಿಕೊಂಡದ್ದು 1992ರ ಏಪ್ರಿಲ್ 13ರ ಬೆಳಿಗ್ಗೆ. ಆಕಾಶ ತಿಳಿಯಾಗಿತ್ತು, ರಸ್ತೆ ಒಣಗಿತ್ತು. ಆದರೂ ಮರ್ಚಂಡೈಸ್ ಮಾರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ನೀರು, ನೀರಿನಲ್ಲಿ ಮೀನು! ಕಿನ್ಜಿ ಸ್ಟ್ರೀಟ್ ಸೇತುವೆಯ ಬಳಿ ನದಿಯ ಮೇಲ್ಮೈ ಸುಳಿ ಸುತ್ತುತ್ತಿತ್ತು.

ನಗರ ಮಧ್ಯದ ಬೀದಿಗಳಡಿ, 40 ಅಡಿ ಕೆಳಗೆ, ಸುಮಾರು 60 ಮೈಲಿ ಉದ್ದದ ಪುಟ್ಟ ಸುರಂಗಗಳ ಜಾಲವಿದೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಕಲ್ಲಿದ್ದಲು, ಬೂದಿ, ಸರಕು ಸಾಗಿಸಲು ಮಾಡಿದ್ದು. 1959ರಲ್ಲಿ ಅದು ನಿಂತಿತು, ಜನ ಮರೆತರು. 1991ರಲ್ಲಿ ಸೇತುವೆಯ ಬಳಿ ನದಿಯೊಳಗೆ ಹೊಸ ಕಂಬ ನೆಟ್ಟಾಗ ಕೆಳಗಿನ ಸುರಂಗದ ಗೋಡೆ ಬಿರಿಯಿತು. ಕೇಬಲ್ ಹಾಕಲು ಇಳಿದ ಕೆಲಸಗಾರರು ಜನವರಿಯಲ್ಲೇ ಕಂಡು ವಿಡಿಯೊ ಮಾಡಿದ್ದರು. ಸುಮಾರು ಹತ್ತು ಸಾವಿರ ಡಾಲರಿಗೆ ಮುಗಿಯುತ್ತಿದ್ದ ರಿಪೇರಿ. ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿರುವಾಗಲೇ ಗೋಡೆ ಒಡೆಯಿತು. ಸುಮಾರು 95 ಕೋಟಿ ಲೀಟರ್ ನೀರು ನುಗ್ಗಿ, ಕರೆಂಟು ಹೋಯಿತು, ಷೇರುಪೇಟೆಯ ವಹಿವಾಟು ನಿಂತಿತು, ಲಕ್ಷಗಟ್ಟಲೆ ಜನ ಮನೆಗೆ ನಡೆದರು. ತೂತಿಗೆ ಕಲ್ಲು ಸುರಿದರು, ಹಾಸಿಗೆಗಳನ್ನೂ ತುರುಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ನಷ್ಟ ನೂರು ಕೋಟಿ ಡಾಲರಿನ ಆಸುಪಾಸು.

ಈ ಎಲ್ಲ ಕಥೆಗಳ ಎಳೆ ಒಂದೇ. ಕೊಳಕನ್ನೋ ತಪ್ಪನ್ನೋ ಕಣ್ಣಿಗೆ ಕಾಣದ ಕಡೆ ತಳ್ಳಿಬಿಟ್ಟರೆ ಮುಗಿಯಿತು ಎಂದು ಶಿಕಾಗೊ ಪ್ರತಿ ಸಲ ಅಂದುಕೊಂಡಿತು. ನೆಲದಡಿಗೆ, ಸರೋವರದಾಚೆಗೆ, ಪಕ್ಕದ ರಾಜ್ಯಕ್ಕೆ, ಬಡವಿಯ ಕೊಟ್ಟಿಗೆಗೆ ತಳ್ಳಿತು. ಪ್ರತಿ ಸಲವೂ ಲೆಕ್ಕ ತಿರುಗಿ ಬಂತು. 1975ರಿಂದ ಇನ್ನೂ ಆಳಕ್ಕೆ 109 ಮೈಲಿ ಸುರಂಗ ಕೊರೆದು ಮಳೆನೀರು, ಕೊಳಚೆ ಹಿಡಿದಿಡುವ ವ್ಯವಸ್ಥೆ ಮಾಡಿದ್ದಾರೆ. ಆದರೂ ಜಡಿಮಳೆ ಸುರಿದಾಗ ಕೆಲವೊಮ್ಮೆ ಬಾಗಿಲು ತೆರೆದು ನದಿಯನ್ನು ಅದರ ಹಳೆಯ ದಿಕ್ಕಿಗೇ, ಸರೋವರಕ್ಕೇ ಬಿಡಬೇಕಾಗುತ್ತದೆ.

1962ರಿಂದ ಪ್ರತಿ ಮಾರ್ಚಿನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ನದಿಗೆ ಹಸಿರು ಬಣ್ಣ ಹಾಕುತ್ತಾರೆ. ಫೋಟೊ ತೆಗೆಯಲು ಜನ ಮುಗಿಬೀಳುತ್ತಾರೆ. ಆ ಆಚರಣೆ ಹುಟ್ಟಿದ್ದು ಪ್ಲಂಬರ್‌ಗಳು ಬಳಸುತ್ತಿದ್ದ ಬಣ್ಣದಿಂದ. ಯಾವ ಕಟ್ಟಡ ಕದ್ದು ನದಿಗೆ ಕೊಳಚೆ ಬಿಡುತ್ತಿದೆ ಎಂದು ಪತ್ತೆ ಮಾಡಲು ಅವರು ಚರಂಡಿಗೆ ಅದನ್ನು ಹಾಕುತ್ತಿದ್ದರು. ಸೇಡಿನ ಕಥೆಗೆ ಈಚೆಗೆ ಒಂದು ಒಳ್ಳೆಯ ಸಾಲೂ ಸೇರಿದೆ. 2025ರ ಸೆಪ್ಟೆಂಬರಿನಲ್ಲಿ ನೂರಾರು ಈಜುಗಾರರು ಡಿಯರ್‌ಬಾರ್ನ್ ಸೇತುವೆಯ ಬಳಿ ಶಿಕಾಗೊ ನದಿಗೆ ಇಳಿದರು. ಊರ ನಡುವಿನ ಆ ನೀರಿನಲ್ಲಿ ಈಜು ಸ್ಪರ್ಧೆ ನಡೆದು ಅಷ್ಟರಲ್ಲಿ 98 ವರ್ಷ ಕಳೆದಿತ್ತು.